ಏನೂ ಇಲ್ಲದ ಕಾರು

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವಳು ಅಭ್ಯಾಸಬಲದಿಂದ ಇಬ್ಬರಿಗೆ ಕಾಫಿ ಮಾಡಿದಳು. ಎರಡನೆಯ ಲೋಟವನ್ನು ಗಂಡನ ಸೋದರತ್ತೆ ಎತ್ತಿಕೊಂಡರು. ಅವರೊಬ್ಬರು ಇನ್ನೂ ಹೋಗಿರಲಿಲ್ಲ.

"ಮನೆ ಖಾಲಿ ಮಾಡಿ ನನ್ನ ಜೊತೆ ಬಂದುಬಿಡು. ಮನೆ ತುಂಬಾ ಜನ ಇದೀವಿ, ನೀನೊಬ್ಬಳು ಹೆಚ್ಚಾ? ನನ್ನ ರೂಮಲ್ಲೇ ಮಲಗು."

ಅತ್ತೆಯ ಗೊರಕೆ ಅವಳಿಗೆ ಗೊತ್ತಿತ್ತು. ಲಾರಿ ದಿಬ್ಬ ಹತ್ತಿದ ಹಾಗೆ. ಅವಳಿಗೆ ಈ ಮನೆಯಲ್ಲೇ, ಒಬ್ಬಳೇ ಇರಬೇಕಿತ್ತು.

"ಅವರ ಕಾರು ಮಾರ್ತೀನಿ. ಕೆಲಸ ಸಿಗೋವರೆಗೆ ಮನೆ ಬಾಡಿಗೆಗೆ ಆಗತ್ತೆ."

"ಆ ಡಬ್ಬಾನಾ? ಸಂಜೆಯೊಳಗೆ ಮಾರಿ ತೋರಿಸು, ನಾನು ಬಾಯಿ ಮುಚ್ಕೊಂಡು ಹೋಗ್ತೀನಿ. ಇಲ್ಲದಿದ್ರೆ ಪೆಟ್ಟಿಗೆ ಕಟ್ಟು."

ಅವಳು ಗೇಟಿಗೆ 'ಕಾರು ಮಾರಾಟಕ್ಕಿದೆ' ಎಂಬ ರಟ್ಟು ತೂಗುಹಾಕಿ ತಿರುಗುವಷ್ಟರಲ್ಲಿ ಬೀದಿಯ ತಜ್ಞರು ಕಾರಿನ ಸುತ್ತ ಸೇರಿದ್ದರು. ಪಕ್ಕದ ಮನೆಯ ನಿವೃತ್ತ ವಿಮಾ ಏಜೆಂಟರು ಜನ್ಮದಲ್ಲಿ ಕಾರು ಇಟ್ಟವರಲ್ಲ. ಆದರೂ ಪ್ರತಿ ಮಾತನ್ನೂ 'ನನ್ನ ಅನುಭವದಲ್ಲಿ' ಎಂದೇ ಶುರುಮಾಡುವುದರಿಂದ ಬೀದಿಯವರು ಅವರಿಗೆ ಅನುಭವಪ್ಪ ಎಂದು ಹೆಸರಿಟ್ಟಿದ್ದರು. ಎದುರುಮನೆಯ ದಂತವೈದ್ಯ ಟಾರ್ಚ್ ಹಿಡಿದೇ ಬಂದಿದ್ದ.

"ನನ್ನ ಅನುಭವದಲ್ಲಿ ಜನ ಮೊದಲು ನೋಡೋದು ಸೌಕರ್ಯ. ಇದರಲ್ಲಿ ಗಡಿಯಾರ ಇಲ್ಲ, ಎಡಗಡೆ ಕನ್ನಡಿ ಇಲ್ಲ, ವೈಪರ್ ಒಂದೇ. ಕಂಪನಿಯವರು ಅರ್ಧ ಕಟ್ಟಿ ಊಟಕ್ಕೆದ್ದು ಹೋದ್ರೋ ಏನೋ!"

ದಂತವೈದ್ಯ ಒಳಗೆ ಬೆಳಕು ಬಿಟ್ಟ. "ರೇಡಿಯೋ ಇರಬೇಕಾದ ಜಾಗ ನೋಡಿ, ಕಿತ್ತ ಹಲ್ಲಿನ ಸಂದಿ ಹಾಗಿದೆ. ಹೀಗೇ ಬಿಟ್ರೆ ಅಕ್ಕಪಕ್ಕದ್ದೂ ಅಲ್ಲಾಡತ್ತೆ."

"ಏನೂ ಬೇಡ, ಇದ್ದ ಹಾಗೇ ಇರಲಿ," ಎಂದಳು ಅವಳು. ಅವಳ 'ಬೇಡ' ಯಾರ ಕಿವಿಗೂ ಬೀಳಲಿಲ್ಲ. ದಂತವೈದ್ಯ ತನ್ನ ಕ್ಲಿನಿಕ್ಕಿನ ರೇಡಿಯೋ ತಂದು ಹಲ್ಲಿನ ಸಿಮೆಂಟು ಮೆತ್ತಿ ಕೂರಿಸಿ ಹಾಡು ಹಚ್ಚಿದ. ಅನುಭವಪ್ಪ ತಮ್ಮ ಗೋಡೆ ಗಡಿಯಾರವನ್ನು ಒಳಗೆ ನೇತುಹಾಕಿದರು. ಅತ್ತೆಯೂ ಸುಮ್ಮನಿರಲಾರದೆ ಅಡುಗೆಮನೆಯ ಪರದೆ ಬಿಚ್ಚಿ ಕಾರಿನ ಕಿಟಕಿಗೆ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಕಾರು, ನೆರೆಹೊರೆಯವರ ಒಡವೆಯನ್ನೆಲ್ಲ ಹೇರಿಕೊಂಡು ಫೋಟೋಗೆ ನಿಂತ ಅಜ್ಜಿಯಂತೆ ಕಾಣುತ್ತಿತ್ತು.

ಆಗ ಕೊಡೆ ಹಿಡಿದ ತೆಳ್ಳನೆಯ ಮುದುಕರೊಬ್ಬರು ಗೇಟಿನ ಮುಂದೆ ನಿಂತು, ರಟ್ಟನ್ನು ಎರಡೆರಡು ಸಲ ಓದಿ, ಒಳಗೆ ಬಂದು ಕಾರಿನೊಳಗೆ ಇಣುಕಿದರು. ಮುಖ ಕೆಂಪಾಯಿತು.

"ಯಾರ್ರೀ ಇದನ್ನೆಲ್ಲ ತುರುಕಿದ್ದು? ಈ ಕಾರಿನ ಚಂದ ಇರೋದೇ ಏನೂ ಇಲ್ಲದ್ರಲ್ಲಿ! ಇದು ರೇಡಿಯೋ ಬೇಡ, ಗಡಿಯಾರ ಬೇಡ ಅಂತ ಹೇಳಿ ತರಿಸಿದ್ದು. ಕೂತ್ರೆ ಇಂಜಿನ್ ಒಂದೇ ಕೇಳಿಸಬೇಕು. ಇಂಥದ್ದು ಈಗೆಲ್ಲಿ ಸಿಗತ್ತೆ?"

"ನನ್ನ ಅನುಭವದಲ್ಲೂ ಅಷ್ಟೆ," ಎಂದು ಅನುಭವಪ್ಪ ಕ್ಷಣಮಾತ್ರದಲ್ಲಿ ಗಡಿಯಾರ ಕಳಚಿ ಕಂಕುಳಿಗೇರಿಸಿದರು. ದಂತವೈದ್ಯ ಮಂಡಿಯೂರಿ ರೇಡಿಯೋ ಜಗ್ಗಿದ. ಅದು ಬರಲೊಲ್ಲದು. ಕೊನೆಗೆ ಕಾರಿನ ಒಂದು ಚಕ್ಕೆಯನ್ನೂ ಕಿತ್ತುಕೊಂಡು, ಹಾಡುತ್ತಲೇ ಹೊರಬಂತು.

"ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಕೀಳಬಾರದಿತ್ತಾ?" ಎಂದರು ಅತ್ತೆ.

ಮುದುಕರು ಸೀಟಿನ ಮೇಲೆ ಮೆಲ್ಲಗೆ ಕೈಯಾಡಿಸುತ್ತಿದ್ದರು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಹಾಗಾದ್ರೆ ತಗೋತೀರಾ?"

"ತಗೊಂಡು ಹೋಗೋ ಆಸೆ ಇದೆ ಕಣಮ್ಮ."

"ಎಷ್ಟು ಕೊಡ್ತೀರಿ?"

ಮುದುಕರು ಕೊಡೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಇದು ನಂದೇ ಕಣಮ್ಮ. ನಿನ್ನ ಗಂಡ ನಮ್ಮ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಬಂದಾಗ, ಮನೆಗೆ ಮೇಜು ಸಾಗಿಸಬೇಕು ಅಂತ ಒಂದು ಮಧ್ಯಾಹ್ನದ ಮಟ್ಟಿಗೆ ಇಸ್ಕೊಂಡಿದ್ದ. ಈ ಹೊತ್ತಲ್ಲಿ ಕೇಳಬಾರದು ಅಂತಲೇ ಇದ್ದೆ. ರಟ್ಟು ನೋಡಿ ಜೀವ ತಡೀಲಿಲ್ಲ."

"ಅಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?" ಅತ್ತೆ ಗದರಿದರು.

"ಹೇಗೆ ಕೇಳ್ಲಿ ತಾಯೀ? ದಿನಾ ಸಂಜೆ ಇದೇ ಕಾರಲ್ಲಿ ನನ್ನನ್ನ ಮನೆಗೆ ಬಿಡ್ತಿದ್ದ. ಇಳಿಯುವಾಗ ನಾನೇ ಥ್ಯಾಂಕ್ಸ್ ಹೇಳ್ತಿದ್ದೆ!"

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅನುಮಾನವೇ ಇಲ್ಲ, ಹೀಗೆ ಮಾಡುವವನು ತನ್ನ ಗಂಡನೇ. ಒಳಗೆ ಹೋಗಿ ಕೀಲಿ ತಂದು ಮುದುಕರ ಅಂಗೈಯಲ್ಲಿಟ್ಟಳು. ಅತ್ತೆ ಅಟ್ಟದ ಪೆಟ್ಟಿಗೆ ಇಳಿಸಲು ಹೊರಟರು.

ಕಾರು ಎರಡು ಸಲ ಕೆಮ್ಮಿ ತಣ್ಣಗಾಯಿತು. ಮುದುಕರು ತಲೆ ಹೊರಹಾಕಿದರು. "ಒಂಚೂರು ತಳ್ಳಬೇಕಲ್ಲಮ್ಮ..."

ದಂತವೈದ್ಯ ಒಂದು ಮಗ್ಗುಲಿಗೆ ನಿಂತ, ಅನುಭವಪ್ಪ ಇನ್ನೊಂದಕ್ಕೆ. ನಡುವೆ ಅವಳು ಡಿಕ್ಕಿಗೆ ಎರಡೂ ಕೈ ಕೊಟ್ಟು, ಬರಬೇಕಾಗಿದ್ದ ತನ್ನ ಮನೆಬಾಡಿಗೆಯನ್ನು ಗೇಟಿನಾಚೆಗೆ, ಎಲ್ಲರಿಗಿಂತ ಜೋರಾಗಿ ತಳ್ಳಿದಳು.