ನಾದಿನಿಯ ಮೂರನೇ ಸುತ್ತು

ನನ್ನ ನಾದಿನಿ ಒಂದು ಸ್ವಿಚ್ಚನ್ನು ಆರಿಸಿ, ಆರಿಸಿದ್ದೇನೆ ಎಂದು ಒಂದೇ ಸಲಕ್ಕೆ ನಂಬಿದ ದಿನ ಇಡೀ ಕಟ್ಟೆಮಳಲವಾಡಿಗೆ ನಾನು ಹೋಳಿಗೆ ಊಟ ಹಾಕಿಸುತ್ತೇನೆ. ಬರೆದುಕೊಡಲೂ ಸಿದ್ಧ! ನನಗೀಗ ಎಪ್ಪತ್ತಾರು, ಅವಳಿಗೆ ಅರವತ್ತೊಂಬತ್ತು. ಆ ಊಟದ ದಿನ ಬರುವುದೇ ಇಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಅವಳಿಗೆ ಮಕ್ಕಳಿಲ್ಲ ಎಂದು ಊರು ಹೇಳುತ್ತದೆ. ಊರಿಗೇನು ಗೊತ್ತು? ಒಂದು ಸಲಕ್ಕೆ ಲಕ್ಷದ ಲೆಕ್ಕದಲ್ಲಿ ಮಕ್ಕಳು! ಮೊಟ್ಟೆಯೊಡೆದ ರೇಷ್ಮೆಹುಳ ಇರುವೆಗಿಂತ ಸಣ್ಣದು. ಅದನ್ನು ಎಂಟ್ಹತ್ತು ದಿನ ಬೆಚ್ಚಗಿಟ್ಟು, ಎಳೆಯ ಹಿಪ್ಪುನೇರಳೆ ಎಲೆಯನ್ನು ದಾರದಷ್ಟು ಸಣ್ಣಗೆ ಹೆಚ್ಚಿ ತಿನ್ನಿಸಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರಿಗೆ ಕೊಡುವುದು ಅವಳ ಕೆಲಸ. ಇದಕ್ಕೆ ಚಾಕಿ ಎನ್ನುತ್ತಾರೆ. ಶುದ್ಧ ಇಂಗ್ಲಿಷಿನಲ್ಲಿ ಹೇಳುವುದಾದರೆ ನರ್ಸರಿ ಸ್ಕೂಲು. ಆರು ವರ್ಷ ನಮ್ಮ ಅತ್ತೆಯವರನ್ನು ಹಾಸಿಗೆಯ ಪಕ್ಕದಲ್ಲೇ ಕೂತು ನೋಡಿಕೊಂಡವಳು ಅವಳು. ಅವರು ಹೋದ ಮೇಲೆ ಕೈ ಖಾಲಿಯಾಯಿತೆಂದು ಹಿತ್ತಲಿನಲ್ಲಿ ಚಾಕಿಮನೆ ಕಟ್ಟಿಸಿದಳು. ನನ್ನವರು ತೀರಿಕೊಂಡ ಮೇಲೆ ಅವಳಿಗೂ ನನಗೂ ಒಂದೇ ಒಲೆ.

ಹುಣಸೂರು ತಾಲ್ಲೂಕಿನಲ್ಲಿ ಕೂತು ರೇಷ್ಮೆಹುಳ ಸಾಕುವುದೇ ಒಂದು ಹುಚ್ಚು. ಸುತ್ತ ಎತ್ತ ನೋಡಿದರೂ ಹೊಗೆಸೊಪ್ಪು, ಹುಳಕ್ಕೆ ಹೊಗೆಸೊಪ್ಪೆಂದರೆ ವಿಷ. ಹಾಗಾಗಿ ಚಾಕಿಮನೆಯ ಬಾಗಿಲಲ್ಲಿ ನನ್ನ ನಾದಿನಿ ಬಂದವರ ಕೈಯನ್ನು ಮೂಸಿ ನೋಡುತ್ತಾಳೆ! ಅಂತರಸಂತೆಯಿಂದ ಹುಳ ಒಯ್ಯಲು ಬರುವ ರೈತನೊಬ್ಬ ಎರಡು ಸಲ ಸೋಪು ಹಾಕಿ ತೊಳೆದ ಕೈಯನ್ನು ಮುಂದೆ ಚಾಚಿ ನಿಂತಿದ್ದ.

"ಕೈಯೇನೋ ಸರಿ ಅದೆ. ಜೇಬಲ್ಲೇನದೆ?" ಎಂದಳು.

"ಏನೂ ಇಲ್ಲ ಕಣಮ್ಮ."

"ಇಲ್ದೆ ಇರೋದು ಇಷ್ಟು ಘಾಟಾ? ತೆಗೆದು ಗೇಟಿನಾಚೆ ಮಡಗ್ಬುಟ್ಟು ಬಾ."

ಆತ ನಶ್ಯದ ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟು, ನನ್ನ ಕಡೆ ತಿರುಗಿ, "ಪೊಲೀಸ್ ನಾಯಿ ಸಾಕಿದ್ದೀರಿ ಅಂತ ಕೇಳಿದ್ದೆ, ನಾದಿನಿ ಅಂತ ಗೊತ್ತಿರ್ನಿಲ್ಲ" ಎಂದ!

ಇಂಥವಳ ಕೈಗೆ ಹೀಟರ್ ಸಿಕ್ಕಿದರೆ?

ಆಷಾಢದ ಜಿಟಿಜಿಟಿಯಲ್ಲಿ ಹುಳಕ್ಕೆ ಚಳಿಯಾಗುತ್ತದೆ. ಮೊದಲು ಕೆಂಡದ ಬಾಣಲೆ ಇಡುತ್ತಿದ್ದಳು. ಹೊಗೆ ಹುಳಕ್ಕೂ ಆಗದು, ನಮಗೂ ಆಗದು. ಕೊನೆಗೆ ಮೈಸೂರಿನಿಂದ ಒಂದು ಕಾರ್ಖಾನೆ ಹೀಟರ್ ಬಂತು. ಕಿತ್ತಳೆ ಬಣ್ಣ, ಫಿರಂಗಿಯ ಮೂತಿ, ಹೊತ್ತೊಯ್ಯಲು ಹಿಡಿ, ನನ್ನ ಮಣಿಕಟ್ಟಿನಷ್ಟು ದಪ್ಪದ ವೈರು. ಜೊತೆಗೆ ಇಂಗ್ಲಿಷಿನ ಮ್ಯಾನ್ಯುಯಲ್ಲು. ನೋಡಿದೊಡನೆ ನನ್ನ ಎದೆ ಢವಢವ ಎಂದಿತು. ಹೀಟರಿಗಲ್ಲ, ಮ್ಯಾನ್ಯುಯಲ್ಲಿಗೆ! ಏಕೆಂದರೆ ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ.

"ಓದಿ ಅತ್ಗೆ. ಒಂದಕ್ಷರ ಬುಡ್ದಂಗೆ ಓದಿ."

ಓದಿದೆ. ನನ್ನ ಕಾಲದಲ್ಲಿ ಸಿಸ್ಟರ್ ಕಾಂಪ್ರಹೆನ್ಷನ್ ಕ್ಲಾಸಿನಲ್ಲಿ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಸುತ್ತ ಒಂದು ಮೀಟರಿನೊಳಗೆ ಉರಿಯುವಂಥದ್ದು ಏನೂ ಇರಬಾರದು ಎಂದೆ. "ಮೊಳದಲ್ಲಿ ಹೇಳಿ" ಎಂದಳು. ಎರಡು ಮೊಳಕ್ಕಿಂತ ಚೂರು ಹೆಚ್ಚು ಎಂದೆ. "ಯಾರ ಮೊಳ?" ಎಂದಳು! ಕೊನೆಗೆ ಊರಿನಲ್ಲೇ ಉದ್ದ ತೋಳಿನವನನ್ನು ಕರೆಸಿ ಅವನ ಮೊಳದಲ್ಲಿ ಮೂರು ಅಳೆಸಿ, ನೆಲಕ್ಕೆ ಸುಣ್ಣದ ಗೆರೆ ಎಳೆಸಿದಳು. ಹುಳದ ತಟ್ಟೆ, ಅದಕ್ಕೆ ಹೊದಿಸುವ ಮೇಣದ ಕಾಗದ, ಪೊರಕೆ, ನಾನು, ಎಲ್ಲವೂ ಗೆರೆಯಿಂದಾಚೆ.

ಎಕ್ಸ್‌ಟೆನ್ಷನ್ ಬೋರ್ಡು ಬೇಡ, ನೇರ ಗೋಡೆಯಿಂದಲೇ ಕರೆಂಟು ಕೊಡಿ ಎಂದಿತ್ತು. ಗಾವಡಗೆರೆಯಿಂದ ಎಲೆಕ್ಟ್ರಿಷಿಯನ್ ಬಂದು ಬೇರೆ ಲೈನು ಎಳೆದು, ಬಾಗಿಲ ಪಕ್ಕ ಕಬ್ಬಿಣದ ಪೆಟ್ಟಿಗೆಯಂಥ ಸ್ವಿಚ್ಚು ಕೂರಿಸಿದ. ಹಿಡಿ ಮೇಲಿದ್ದರೆ ಆನ್, ಕೆಳಗಿದ್ದರೆ ಆಫ್. ಹೊರಗೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಕೊಟ್ಟ. "ಇದು ಒಣಗ್ಬಾರ್ದು ಕಣಮ್ಮ, ಆವಾಗಾವಾಗ ಒಂದ್ ಬಿಂದಿಗೆ ನೀರ್ ಉಯ್ರಿ" ಎಂದ. ಆವಾಗಾವಾಗ ಎಂಬ ಮಾತು ನನ್ನ ನಾದಿನಿಯ ನಿಘಂಟಿನಲ್ಲಿ ಎಲ್ಲಿದೆ? ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಿಂದಿಗೆ ಹಿಡಿದು ಹೊರಟಳು. ತುಳಸಿಗೆ ತಪ್ಪಿದರೂ ಅರ್ತಿಂಗಿಗೆ ನೀರು ತಪ್ಪದು. ತಿಂಗಳಾಗುವಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಆ ಗುಂಡಿಗೆ ಅರಿಶಿನ ಕುಂಕುಮ ಏರಿಸಿ, ಎರಡು ಕಣಗಿಲೆ ಇಟ್ಟು ಹೋಗಿದ್ದಳು!

ಆ ಎಲೆಕ್ಟ್ರಿಷಿಯನ್ ಇನ್ನೊಂದು ಪಾಠವನ್ನೂ ಹೇಳಿಕೊಟ್ಟ. ಹೀಟರ್ ಆರಿಸಿದ ಮೇಲೆ ಪ್ಲಗ್ಗಿಗೆ ಹಿಂಗೈ ತಾಗಿಸಿ ನೋಡಬೇಕು. ತಣ್ಣಗಿದ್ದರೆ ಸರಿ. ಬಿಸಿ ಇದ್ದರೆ ಒಳಗೆಲ್ಲೋ ಏನೋ ಸಡಿಲವಾಗಿದೆ, ಹೊರಗೆ ಎಷ್ಟು ಚೆನ್ನಾಗಿ ಕಂಡರೂ ನಂಬಬಾರದು.

ಮ್ಯಾನ್ಯುಯಲ್ಲಿನ ಒಂದು ನಿಯಮ ಮಾತ್ರ ನಮ್ಮ ಸಂಸಾರಕ್ಕೇ ಬಂದುಬಿಟ್ಟಿತು. ಕಾದ ಹೀಟರನ್ನು ದಿಢೀರೆಂದು ಆರಿಸಬಾರದು. ಮೊದಲು ಶಾಖ ನಿಲ್ಲಿಸಿ, ಐದು ನಿಮಿಷ ಬರೀ ಫ್ಯಾನ್ ತಿರುಗಿಸಿ, ಒಳಗಿನ ಕಾವು ಇಳಿದ ಮೇಲೆ ಆರಿಸಬೇಕು. ಒಂದು ದಿನ ಸಾರಿಗೆ ಹುಳಿ ಜಾಸ್ತಿಯಾಯಿತೆಂದು ನಾನು ಕೂಗಾಡಿದಾಗ ಅವಳು ಶಾಂತವಾಗಿ, "ಐದು ನಿಮಿಷ ಫ್ಯಾನಲ್ಲಿರಿ ಅತ್ಗೆ, ಆಮೇಲೆ ಮಾತಾಡಣ" ಎಂದಳು. ಎಂಥಾ ಇನ್ಸಲ್ಟು! ಆದರೆ ಅವಳಿಗೆ ಸಿಟ್ಟು ಬಂದಾಗ ಅವಳೂ ಹಾಗೆಯೇ. ಒಂದು ಮಾತಾಡದೆ ಹಿತ್ತಲಿಗೆ ಹೋಗಿ ಐದು ನಿಮಿಷ ಸುತ್ತಿ ಬರುತ್ತಾಳೆ.

ಇನ್ನು ಆ ಮೂರು ಸುತ್ತು. ಹೀಟರ್ ಆರಿಸಿ, ಸ್ವಿಚ್ಚಿನ ಹಿಡಿ ಕೆಳಗೆ ಎಳೆದು ಅಡುಗೆಮನೆಗೆ ಬರುತ್ತಾಳೆ. ನೀರು ಕುಡಿದು ವಾಪಸ್ ಹೋಗಿ ಹಿಡಿ ಕೆಳಗಿದೆಯೇ ನೋಡುತ್ತಾಳೆ. ಬಂದು ಕೂರುತ್ತಾಳೆ. ಮತ್ತೆ ಏಳುತ್ತಾಳೆ. ಅದು ಎರಡನೆಯದು. ಅರ್ಧ ಗಂಟೆ ಬಿಟ್ಟು ಮೂರನೆಯದು, ಪ್ಲಗ್ಗಿಗೆ ಹಿಂಗೈ ಇಡಲು.

"ಈಗ ತಾನೇ ನೋಡಿ ಬಂದೆಯಲ್ಲೇ ಅಮ್ಮಣ್ಣಿ?" ಎನ್ನುತ್ತಿದ್ದೆ.

"ನೋಡಿದ್ದು ನೆಪ್ಪದೆ ಅತ್ಗೆ. ಸರಿಯಾಗಿ ನೆಪ್ಪದಾ ಅಂತ ನೋಡ್ಬುಟ್ಟು ಬತ್ತೀನಿ."

ಸೊಪ್ಪು ಹೆಚ್ಚಲು ಬರುವ ಪುಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಮ್ಮಾರು ದೇವ್ರಿಗೂ ಇಷ್ಟು ಸುತ್ತು ಬಂದಿಲ್ಲ ಕಣ್ರವ್ವಾ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕವಳು ಯಾರು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊನ್ನೆ ಆಷಾಢದಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅಂತರಸಂತೆಯ ರೈತನಿಗೆ ಮಾರನೆಯ ದಿನ ಕೊಡಬೇಕಿದ್ದ ಹುಳ ತಟ್ಟೆಗಳಲ್ಲಿತ್ತು. ಕರೆಂಟು ಹೋದರೆ ಸ್ವಿಚ್ಚು ಕೆಳಗೆ ಎಳೆಯಬೇಕು ಎಂಬುದು ಮ್ಯಾನ್ಯುಯಲ್ಲಿನ ಮಾತು. ನಾನೇ ಓದಿ ಹೇಳಿದ್ದು! ಅವಳು ಹಿಡಿ ಎಳೆದು, ಎರಡು ಸುತ್ತು ಮುಗಿಸಿ, ಪುಟ್ಟಮ್ಮನ ಜೊತೆ ಎಲೆ ಬಿಡಿಸಲು ತೋಟಕ್ಕೆ ಹೋದಳು. ಮೂರನೆಯದು ಬಾಕಿ.

ಹುಳ ಹೇಗಿವೆಯೋ ನೋಡೋಣವೆಂದು ನಾನು ಚಾಕಿಮನೆಗೆ ಹೋದೆ. ಹಿತ್ತಲು ದಾಟುವಷ್ಟರಲ್ಲಿ ನನ್ನ ಉಣ್ಣೆ ಶಾಲು ನೆನೆದಿತ್ತು. ಒಳಗೆ ತಣ್ಣಗೆ, ಹುಳಗಳೆಲ್ಲ ಸೈಲೆಂಟ್. ಪಾಪ ಎನ್ನಿಸಿತು. ಸ್ವಿಚ್ಚಿನ ಹಿಡಿ ನೋಡಿದರೆ ಕೆಳಗಿದೆ. ನಮ್ಮ ಕಡೆ ಪಂಪ್‌ಸೆಟ್ಟಿನ ಸ್ವಿಚ್ಚನ್ನು ಕರೆಂಟು ಹೋದಾಗ ಯಾರಾದರೂ ಆರಿಸುತ್ತಾರೆಯೇ? ಕರೆಂಟು ಬರುವುದು ಅದರ ಇಷ್ಟ. ಬಂದಾಗ ಪಂಪು ತಾನೇ ಹತ್ತಿಕೊಳ್ಳಲಿ, ಗದ್ದೆಗೆ ನೀರು ತಾನೇ ಹೋಗಲಿ ಎಂದು ಆನ್ ಮಾಡಿಯೇ ಬಿಟ್ಟಿರುತ್ತಾರೆ. ಐವತ್ತು ವರ್ಷ ಅದನ್ನೇ ನೋಡಿದವಳು ನಾನು. ಹೀಟರೂ ತಾನೇ ಹತ್ತಿಕೊಳ್ಳಲಿ ಎಂದು ಹಿಡಿಯನ್ನು ಮೇಲಕ್ಕೆ ತಳ್ಳಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕರೆಂಟಿಲ್ಲದ ಹೀಟರ್ ನನ್ನ ಕಣ್ಣಿಗೆ ಒಂದು ಸ್ಟೂಲಿನಂತೆ ಕಂಡಿತು. ಮುಟ್ಟಿದರೆ ಇನ್ನೂ ಉಗುರುಬೆಚ್ಚಗಿತ್ತು. ಒದ್ದೆ ಶಾಲನ್ನು ಅದರ ಮೇಲೆ ನೀಟಾಗಿ ಹರಡಿ, ಕಾಫಿ ಮಾಡಲು ಒಳಗೆ ಬಂದೆ. ಗೆರೆ ದಾಟಿದ್ದು ನೆನಪಿಗೇ ಬರಲಿಲ್ಲ. "ಡು ನಾಟ್ ಕವರ್" ಎಂಬುದನ್ನು ನಾನು ಎಷ್ಟು ಸಲ ಗಟ್ಟಿಯಾಗಿ ಓದಿದ್ದೆನೋ!

ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕರೆಂಟು ಬಂತು. ನಾನು ಖುಷಿಯಿಂದ ಮಿಕ್ಸಿಗೆ ಚಟ್ನಿ ಹಾಕಿದೆ. ಆ ಸದ್ದಿನಲ್ಲಿ ಹಿತ್ತಲಿನ ಕೂಗು ಕೇಳಲಿಲ್ಲ. ಸುಟ್ಟ ಉಣ್ಣೆಯ ವಾಸನೆ ಬಂದಾಗ ಓಡಿದೆ. ನನ್ನ ನಾದಿನಿ ಮೂರನೇ ಸುತ್ತಿಗೆ ಬಂದಿದ್ದಳು. ಸ್ವಿಚ್ಚು ಕೆಳಗೆಳೆದು, ಉದ್ದದ ಒಣ ಕೋಲಿನಲ್ಲಿ ಉರಿಯುತ್ತಿದ್ದ ಶಾಲನ್ನು ಎತ್ತಿ ಬಾಗಿಲಾಚೆ ಎಸೆದು, ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದಳು. ಎರಡು ತಟ್ಟೆ ಹುಳ ಹೋಯಿತು. ಉಳಿದವು ಉಳಿದವು. ಎರಡು ನಿಮಿಷ ತಡವಾಗಿದ್ದರೆ ಮೇಣದ ಕಾಗದ, ತಟ್ಟೆ, ಸೂರು ಎಲ್ಲ ಬೂದಿ!

ಅವಳು ಬೈಯುತ್ತಾಳೆಂದು ನಿಂತೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಶಾಲು ಬುಡಿ ಅತ್ಗೆ, ಒಣಗಾಕಿದ್ರಿ, ಕರೆಂಟಿಲ್ಲ ಅಂದ್ಕಂಡ್ರಿ. ನಾನು ಸ್ವಿಚ್ಚು ಎಳೀದಲೇ ಹೋದ್ನಲ್ಲ! ಎಳ್ದೆ ಅಂತ ಅಂದ್ಕಂಡಿವ್ನಿ. ಎರಡ್ ಸತಿ ನೋಡ್ದೆ ಅಂತಾನೂ ಅಂದ್ಕಂಡಿವ್ನಿ. ಬಂದ್ ನೋಡುದ್ರೆ ಹಿಡಿ ಮ್ಯಾಲದೆ." ಕೈಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿ ಹೇಳಿದಳು: "ಅವ್ವನ್ದೂ ಇಂಗೇ ಅಲ್ವಾ ಶುರುವಾಗಿದ್ದು? ಒಲೆ ಆರಿಸ್ದೆ ಅಂತಿದ್ಲು."

ಅತ್ತೆಯವರು ಮೊದಲು ಮರೆತದ್ದು ಒಲೆ. ಕೊನೆಗೆ ಮರೆತದ್ದು, ತಲೆ ಬಾಚುತ್ತಿದ್ದ ಮಗಳನ್ನು. "ನೀನು ಯಾರ ಮನೆ ಹುಡುಗಿ ತಾಯಿ?" ಎಂದು ಕೇಳಿದ್ದರು. ಆಗ ನನಗೆ ಹೊಳೆಯಿತು. ಈ ಮೂರು ಸುತ್ತು ಹೀಟರನ್ನು ನೋಡುವುದಕ್ಕಲ್ಲ! ಪ್ರತಿ ಸಲ ಅವಳು ಪರೀಕ್ಷೆ ಮಾಡುತ್ತಿದ್ದದ್ದು ತನ್ನನ್ನೇ.

ತಕ್ಷಣ ಹೇಳಬೇಕಿತ್ತು. ಹೇಳಿದೆನೇ? ನನ್ನ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ತಪ್ಪೊಪ್ಪಿಗೆಯ ಕನ್ಫೆಷನ್ನಿಗೆ ಸಾಲಾಗಿ ಹೋಗಿ, ಹಗುರಾಗಿ ನಗುತ್ತಾ ಹೊರಬರುವುದನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದವಳು ನಾನು. ನನ್ನ ಸರದಿ ಬಂದಾಗ ಪೊರಕೆ ತಂದು ಬೂದಿ ಗುಡಿಸತೊಡಗಿದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಅವಳು ಅಂತರಸಂತೆಯ ರೈತನಿಗೆ ಹುಳ ಕೊಡುತ್ತಾ, "ಮುಂದಿನ ಸತಿಗೆ ಬ್ಯಾರೆ ಕಡೆ ನೋಡ್ಕಳಪ್ಪ. ನಾನು ಮುಚ್ತಾ ಇವ್ನಿ" ಎಂದಳು. ಅವನ ಕೈಯನ್ನೂ ಮೂಸಲಿಲ್ಲ! ಆತ ಗಾಬರಿಯಾಗಿ ತಾನೇ ನಶ್ಯದ ಡಬ್ಬಿ ತೆಗೆದು ತೋರಿಸಿ, "ಯಾಕಮ್ಮ, ಉಸಾರಿಲ್ವಾ?" ಎಂದ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಹೀಟರ್ ಬಿಚ್ಚಿ ಕೂತ. ಪ್ಲಗ್ಗು ಕಳಚಿದ್ದಾನೋ ಇಲ್ಲವೋ ಎಂದು ಮಾಮೂಲಿನಂತೆ ಅವಳು ಕೇಳಲಿಲ್ಲ. ಗೋಡೆಗೆ ಒರಗಿ ಕೂತು, "ರಿಪೇರಿ ಆದ್ರೆ ಯಾರಿಗಾರ ಕೊಟ್ಬುಡು" ಎಂದಳು. ಅವಳು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಸ್ವಿಚ್ಚು ಮೇಲೆ ಮಾಡಿದ್ದು ನಾನು" ಎಂದೆ. "ನೀನು ಎಳೆದಿದ್ದೆ. ಕೆಳಗೇ ಇತ್ತು. ನಾನೇ ಬಂದು ಮೇಲೆ ತಳ್ಳಿದೆ."

ಅವಳು ನನ್ನನ್ನೇ ನೋಡಿದಳು. ಎದ್ದು ಹಿತ್ತಲಿಗೆ ಹೋದಳು. ನಾನು ಗೋಡೆ ಗಡಿಯಾರ ನೋಡುತ್ತಾ ನಿಂತೆ. ನನ್ನ ಬದುಕಿನ ಅತಿ ಉದ್ದದ ಐದು ನಿಮಿಷ! ಬಂದವಳು ನನ್ನ ಎರಡು ಭುಜ ಹಿಡಿದಳು.

"ನನ್ನಾಣೆಗೂ ನೀವೇನಾ?"

"ನಿನ್ನಾಣೆಗೂ ನಾನೇ."

"ಕೆಳಗಿತ್ತಾ? ನೀವು ಕಣ್ಣಲ್ಲಿ ನೋಡುದ್ರಾ?"

"ನೋಡಿದೆ ಕಣೇ. ಪೂರ್ತಿ ಕೆಳಗಿತ್ತು."

ಆಮೇಲೆ ನಗಲು ಶುರುಮಾಡಿದಳು ನೋಡಿ! ನಗು, ಜೊತೆಗೇ ಅಳು. "ನಿಮ್ ಕೈಗೆ ಬಂಗಾರದ ಬಳೆ ಆಕ್ಸ್‌ಬೇಕು ಅತ್ಗೆ" ಎಂದು ನನ್ನನ್ನು ಕೂರಿಸಿ, ಒಳಗೆ ಓಡಿ, ಗಟ್ಟಿ ಹಾಲಿನ ಕಾಫಿ ತಂದು ಕೈಗಿಟ್ಟಳು. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಕೆಳಗಿಟ್ಟು, "ಇದ್ಯಾವ ಸೀಮೆ ಮನೆಯಪ್ಪ! ಬೆಂಕಿ ಮಡಗ್ದೋರಿಗೆ ಕಾಫಿ, ರಿಪೇರಿ ಮಾಡೋನ್ಗೆ ನೀರೂ ಇಲ್ಲ!" ಎಂದ. ಅವನಿಗೂ ಕಾಫಿ ಬಂತು. ಜೊತೆಗೆ, "ಪ್ಲಗ್ಗು ಕಳಚಿದ್ಯಾ ಇಲ್ವಾ? ತೋರ್ಸು!" ಎಂಬ ಗದರಿಕೆಯೂ ಬಂತು. ನನಗೆ ಹೋದ ಉಸಿರು ವಾಪಸ್ ಬಂತು.

ಚಾಕಿಮನೆ ಮುಚ್ಚಲಿಲ್ಲ. ಹೊಸ ಹುಳ ಬಂತು. ಮೂರು ಸುತ್ತೂ ಹಾಗೇ ನಡೆದಿದೆ, ಮೂರನೆಯದಕ್ಕೆ ಈಗ ನಾನೂ ಜೊತೆಗೆ ಹೋಗುತ್ತೇನೆ. ಒಂದು ದಿನ ಪ್ಲಗ್ಗಿನ ಮೇಲೆ ಹಿಂಗೈ ಇಟ್ಟುಕೊಂಡೇ ಅವಳು ಹೇಳಿದಳು:

"ಅತ್ಗೆ, ಮುಂದೆ ಯಾವತ್ತಾರ ನಂಗೆ ನಿಜ್ವಾಗ್ಲೂ ಮರ್ತೋದ್ರೆ, ಆವಾಗೂ ನಾನೇ ಮಾಡ್ದೆ ಅಂದ್ಬುಡಿ."

"ಹುಚ್ಚಿ" ಎಂದೆ.

"ಪ್ರಾಮಿಸ್ ಮಾಡಿ." ನನ್ನಿಂದಲೇ ಕಲಿತ ಪದ.

ಮಾಡಿದೆ.

ಕಳೆದ ವಾರ ಚಾಕಿಮನೆಯ ಬೀಗದ ಕೈ ಸಿಗಲಿಲ್ಲ. ಪುಟ್ಟಮ್ಮ ಸೊಪ್ಪು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಮನೆಯೆಲ್ಲ ಹುಡುಕಿ ಕೊನೆಗೆ ಅನ್ನಕ್ಕೆ ಅಕ್ಕಿ ತೆಗೆಯಲು ಹೋದರೆ, ಡಬ್ಬಿಯೊಳಗೆ ಪಾವಿನ ಪಕ್ಕ ಬೀಗದ ಕೈ. ಹಿಂದಿನ ದಿನ ಅಕ್ಕಿ ಅಳೆದವಳು ನಾನಲ್ಲ.

"ಅಯ್ಯೋ, ನಾನೇ ಇಟ್ಟಿದ್ದೆ ಕಣೇ ಅಮ್ಮಣ್ಣಿ! ಮುದುಕಿ ಬುದ್ಧಿ" ಎಂದೆ, ಎಷ್ಟು ಸಾಧ್ಯವೋ ಅಷ್ಟು ಹಗುರಾಗಿ.

ಅವಳು ಬೀಗದ ಕೈಯನ್ನು ನೋಡಿದಳು. ಅಕ್ಕಿ ಡಬ್ಬಿಯನ್ನು ನೋಡಿದಳು. ಆಮೇಲೆ ಹತ್ತಿರ ಬಂದು, ಪ್ಲಗ್ಗಿಗೆ ಇಡುವ ಹಾಗೆ, ಹಿಂಗೈಯನ್ನು ಮೆತ್ತಗೆ ನನ್ನ ಕೆನ್ನೆಗಿಟ್ಟಳು.

"ಬಿಸಿ ಅದೆ ಅತ್ಗೆ" ಎಂದಳು. ಕೈಯನ್ನು ಮಾತ್ರ ತೆಗೆಯಲಿಲ್ಲ.