ನಕ್ಷತ್ರಕ್ಕೂ ಹೆಪ್ಪು ಬೇಕು

"ನೋಡ್ಕೋತ ಇರು ಸುಜಾತಾ! ನೀ ಅನ್ನ ಬಸಿಯೂದ್ರಾಗ ನಿನ್ನ ಹೆಸರು ಈ ಪರದೆ ಮ್ಯಾಲೆ ನಕ್ಷತ್ರದಾಗ ಮೂಡಸ್ತೇನಿ!"

ಎರಡು ಸಾವಿರದ ಎರಡನೇ ಇಸವಿಯ ಒಂದು ರವಿವಾರ ಬೆಳಿಗ್ಗೆ, ಕೆಲಗೇರಿಯ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ರಾಜರತ್ನ ಹೀಗೆ ಸಾರಿದ. ಮೈಮೇಲೆ ಬನಿಯನ್ ಇತ್ತು, ದನಿ ಮಾತ್ರ ಸಿಂಹಾಸನದ ಮೇಲಿತ್ತು! ಎದುರಿಗೆ ಹುಬ್ಬಳ್ಳಿಯಿಂದ ನಿನ್ನೆಯಷ್ಟೇ ಬಂದಿಳಿದ ಕಂಪ್ಯೂಟರು, ಸುಜಾತಾಳ ಹಳೆಯ ಸೀರೆಯಲ್ಲಿ ಹೊಲಿದ ಕುಂಚಿಗೆ ತೊಟ್ಟು ಕೂಸಿನ ಹಾಗೆ ಕುಳಿತಿತ್ತು.

ಈ ನಕ್ಷತ್ರದ ಮಾತು ಇಂದಿನದಲ್ಲ. ಹತ್ತು ವರ್ಷದ ಹಿಂದೆ ಕನ್ಯೆ ನೋಡಲು ಹೋದಾಗ ಹಿರಿಯರು "ಹುಡುಗ ಹುಡುಗಿ ಎರಡು ಮಾತಾಡ್ಲಿ" ಎಂದು ಇಬ್ಬರನ್ನೂ ಹಿತ್ತಲಿಗೆ ಕಳಿಸಿದ್ದರು. ಕಚೇರಿ ಗುಮಾಸ್ತನಾದ ರಾಜರತ್ನನಿಗೆ ಹೇಳಿಕೊಳ್ಳುವಂಥದ್ದು ಇದ್ದುದು ಒಂದೇ, ಆರು ತಿಂಗಳ ಕಂಪ್ಯೂಟರ್ ಕ್ಲಾಸು. "ಒಂದು ಪ್ರೋಗ್ರಾಮ್ ಬರದೇನ್ರಿ. ನಕ್ಷತ್ರ ಒಂದೊಂದೇ ಬಂದು, ಕೂಡಿ, ನಿಮ್ಮ ಹೆಸರು ಬರೀತಾವ್ರಿ," ಎಂದ. ಅದೇ ವಾರ ಉಪ್ಪಿನಬೆಟಗೇರಿಯಿಂದ ಇನ್ನೊಂದು ಸಂಬಂಧ ಬಂದಿತ್ತು. ಹುಡುಗನಿಗೆ ಸ್ವಂತ ಟ್ರ್ಯಾಕ್ಟರು! ಸುಜಾತಾ ಟ್ರ್ಯಾಕ್ಟರು ಬಿಟ್ಟು ನಕ್ಷತ್ರ ಹಿಡಿದಳು.

ಆದರೆ ಲಗ್ನದ ಹೊತ್ತಿಗೆ ಕ್ಲಾಸು ಬಾಗಿಲು ಹಾಕಿತ್ತು. ಕಚೇರಿಗೆ ಬಂದ ಕಂಪ್ಯೂಟರು ಸಾಹೇಬರ ಕೋಣೆಯ ಬೀಗದೊಳಗೆ ಸೇರಿತು. ನಕ್ಷತ್ರಗಳು ಫ್ಲಾಪಿಯಲ್ಲಿ, ಫ್ಲಾಪಿ ಟ್ರಂಕಿನಲ್ಲಿ ಉಳಿದವು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ ಸುಜಾತಾ ಒಂದೇ ಬಾಣ ಬಿಡುತ್ತಿದ್ದಳು: "ಟ್ರ್ಯಾಕ್ಟರ್ ಆಗಿದ್ರ ಕಣ್ಣಿಗಾದ್ರೂ ಕಾಣಸ್ತಿತ್ತು!"

ಇವತ್ತು ಆ ಬಾಣಕ್ಕೆ ಗುರಾಣಿ ಸಿಕ್ಕಿತ್ತು. ಟ್ರಂಕಿನ ಫ್ಲಾಪಿಯನ್ನು ಎರಡೂ ಕೈಯಿಂದ ಕಂಪ್ಯೂಟರಿನ ಬಾಯಿಗಿಟ್ಟ. ಅದು ಒಂದು ಗಳಿಗೆ ಚಪ್ಪರಿಸಿ, ಈ ಭಾಷೆ ನನಗೆ ತಿಳಿಯದು ಎಂದುಬಿಟ್ಟಿತು. ಪ್ರೋಗ್ರಾಮ್ ಬರೆದದ್ದು ಬೇಸಿಕ್ ಭಾಷೆಯಲ್ಲಿ. ಹೊಸ ಯಂತ್ರದಲ್ಲಿ ಬೇಸಿಕ್ಕೇ ಇಲ್ಲ!

ಸ್ಕೂಟರ್ ಹತ್ತಿ ಧಾರವಾಡ ಪೇಟೆಗೆ ಓಡಿದ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ದತ್ತು ಒಂದು ಸಿ.ಡಿ. ಕೊಟ್ಟ. ತಂದು ಹಾಕಿದರೆ, ಭಾಷೆ ತಿಳಿಯಿತು, ಆದರೆ ಇಷ್ಟು ಹಳೆಯ ಮಾತು ತಿಳಿಯುವುದಿಲ್ಲ ಎಂದಿತು. ಮತ್ತೆ ಸ್ಕೂಟರ್. ದತ್ತು ಹುಡುಕಿ ಬೇಸಿಕ್ಕಿನ ನಾಲ್ಕನೇ ವರ್ಷನ್ ಕೊಟ್ಟ. ಅದು ಪ್ರೋಗ್ರಾಮನ್ನು ಓದಿತು, ನಕ್ಷತ್ರ ಬಿಡಿಸುವ ಕಡತವನ್ನು ಕೇಳಿತು, ಕೊಟ್ಟರೆ ಮುಖ ತಿರುಗಿಸಿತು. ಕಡತ ಮೂರನೇ ವರ್ಷನ್ನಿನದಂತೆ!

"ಮೂರರ ಜೋಡಿ ಮೂರೇ ಬೇಕ್ರಿ ಸರ," ಎಂದ ದತ್ತು ಫೋನಿನಲ್ಲಿ. "ನನ್ನ ಹತ್ರ ಇಲ್ರಿ. ಆವಾಗ ನಿಮ್ಮ ಕ್ಲಾಸಿನ್ಯಾಗ ಎಲ್ಲಾರಿಗೂ ಒಂದೊಂದು ನೀಲಿ ಫ್ಲಾಪಿ ಕೊಡ್ತಿದ್ರಲ್ರಿ, ಅದರಾಗ ಇರತೈತಿ ನೋಡ್ರಿ."

"ನಿಮ್ಮ ಕಚೇರಿ ಇದ್ದಂಗ ಐತಲ್ರಿ," ಎಂದಳು ಸುಜಾತಾ, ರೊಟ್ಟಿ ಬಡಿಯುತ್ತ. "ಈ ಕಾಗದಕ್ಕ ಆ ಸಹಿ, ಆ ಸಹಿಗೆ ಮತ್ತೊಂದು ಕಾಗದ. ಅದೇನದು ವರ್ಷನ್ನು? ವರ್ಷಕ್ಕೊಂದು ಬರತೈತೇನು?"

"ವರ್ಷನ್ ಅಂದ್ರ ಸುಧಾರಿಸಿದ್ದು ಅಂತ!"

"ಹಂಗಾದ್ರ ನಮ್ಮ ಲಗ್ನಕ್ಕ ಹತ್ತನೇ ವರ್ಷನ್ ನಡದೈತಿ, ಸುಧಾರಣಿ ಮಾತ್ರ ಕಾಣವಲ್ದು!"

ರಾಜರತ್ನ ಟ್ರಂಕು ಸುರುವಿದ. ಕಪಾಟು, ಅಟ್ಟ, ಹಾಸಿಗೆಯ ಅಡಿ ಎಲ್ಲ ನೋಡಿದ. ನೀಲಿ ಫ್ಲಾಪಿ ಇಲ್ಲ. ಹರಡಿದ ಸಾಮಾನಿನ ನಡುವೆ ಕಿಟಕಿಗೆ ಒರಗಿ ಕುಳಿತ. ದೂರದಲ್ಲಿ ಕೆರೆಯ ನೀರು ಬಿಸಿಲಿಗೆ ಮಿನುಗುತ್ತಿತ್ತು. ನೀರಿನ ಮೇಲೆ ಸಾವಿರ ಚುಕ್ಕಿಗಳು ಕೂಡುತ್ತಿದ್ದವು, ಚದುರುತ್ತಿದ್ದವು, ಇನ್ನೇನು ಒಂದು ಅಕ್ಷರವಾಗಬೇಕು ಎನ್ನುವಾಗ ಮತ್ತೆ ನೀರಾಗುತ್ತಿದ್ದವು. ಆ ಹಿತ್ತಲಿನಲ್ಲಿ ತನ್ನ ಮಾತು ಕೇಳಿ ಅರಳಿದ್ದ ಆ ಎರಡು ಕಣ್ಣು ಅವನಿಗೆ ನೆನಪಾದವು. ಒಂದೇ ಒಂದು ಸಲ ಅವು ಹಾಗೆ ಅರಳುವುದನ್ನು ನೋಡಬೇಕು ಅನಿಸಿತು.

"ಉಣ್ಣಾಕ ಬರ್ರಿ!"

ಮೊಸರನ್ನದ ಹೊತ್ತಿಗೆ ಸುಜಾತಾ ನಾಳೆಯ ಹೆಪ್ಪು ಎತ್ತಿಡಲು ಸಣ್ಣ ಬಟ್ಟಲಿನ ಮುಚ್ಚಳ ತೆಗೆದಳು. ರಾಜರತ್ನ ಕೈಯ ತುತ್ತನ್ನು ತಟ್ಟೆಗೆ ಬಿಟ್ಟು ಬಗ್ಗಿ ನೋಡಿದ. ಚೌಕ! ನೀಲಿ!

"ಏನ ಅದು?"

"ಮುಚ್ಚಳ್ರಿ. ಆರು ವರ್ಷ ಆತು. ಅಳತಿ ಕೊಟ್ಟು ಮಾಡಿಸಿದಂಗ ಕೂಡತೈತಿ."

"ಅಯ್ಯ! ಅದರಾಗ ಮೂರನೇ ವರ್ಷನ್ ಐತಿ!"

"ಅದರ ಕೆಳಗ ನಮ್ಮವ್ವನ ಮನಿ ಹೆಪ್ಪು ಐತಿ. ಹಳೇ ಮೊಸರಿಲ್ಲದ ಹೊಸಾ ಮೊಸರು ಆಗೂದಿಲ್ಲ. ನಿಮ್ಮ ನಕ್ಷತ್ರಕ್ಕೂ ಹೆಪ್ಪು ಬೇಕಲ್ಲ? ಒಯ್ರಿ. ಆದ್ರ ನನಗೊಂದು ಮುಚ್ಚಳ ಕೊಟ್ಟು ಒಯ್ರಿ."

ದತ್ತುವಿನ ಫಳಫಳ ಸಿ.ಡಿ.ಯನ್ನೇ ಕೊಟ್ಟ.

"ನಡುವ ತೂತು ಐತಲ್ರಿ!"

"ಗಾಳಿ ಆಡ್ಲಿ!"

ಫ್ಲಾಪಿಯನ್ನು ಟಾವೆಲ್ಲಿನಿಂದ ಒರೆಸಿ ಒಳಗಿಟ್ಟ. ಯಂತ್ರ ಗರ್ ಗರ್ ಎಂದು ಹಲ್ಲು ಕಡಿಯಿತು. ಎರಡು ಸಲ ಒಲ್ಲೆ ಎಂದು, ಮೂರನೇ ಸಲ ಓದಿತು! ಸಂಜೆಯಾಗಿತ್ತು. ಸುಜಾತಾ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಪರದೆ ಕಡುನೀಲಿಯಾಯಿತು. ಮೂಲೆಯಲ್ಲಿ ಒಂದು ಚುಕ್ಕಿ ಬಂತು, ಆಮೇಲೆ ಎರಡು, ಆಮೇಲೆ ಲೆಕ್ಕವಿಲ್ಲದಷ್ಟು. ನಿಧಾನಕ್ಕೆ ಅವು ತೇಲತೊಡಗಿದವು. ಸುಜಾತಾಳ ಕಣ್ಣು ಅರಳಿದವು. ರಾಜರತ್ನನ ಎದೆ ಹಬ್ಬದ ಹೋಳಿಗೆಯಂತೆ ಉಬ್ಬಿತು.

ಆಗ ನಕ್ಷತ್ರಗಳ ನಡುವೆ ಒಂದು ಸಾಲು ಮೂಡಿತು: "ಹೆಸರೇನು?" ಅಂತ, ಇಂಗ್ಲಿಷ್ ಅಕ್ಷರದಲ್ಲಿ.

ರಾಜರತ್ನನಿಗೆ ಇದು ಮರೆತೇ ಹೋಗಿತ್ತು!

"ನನ್ನ ಹೆಸರು ಬರೀತೈತಿ ಅಂದಿದ್ರಲ್ರಿ? ಇದಕ್ಕ ನನ್ನ ಹೆಸರ ಗೊತ್ತಿಲ್ಲಲ್ಲ!" ಸುಜಾತಾ ಸಾಲಿ ಟೀಚರು. ಲೆಕ್ಕ ತಪ್ಪುವವಳಲ್ಲ. "ಇದನ್ನ ಬರದದ್ದು ಯಾವಾಗ?"

"ಕ್ಲಾಸಿನ್ಯಾಗ."

"ನನ್ನ ನೋಡಾಕ ಬಂದದ್ದು?"

"ಕ್ಲಾಸು ಮುಗದ ಮ್ಯಾಲೆ."

"ನನಗಿಂತ ಮೊದಲ ಎಷ್ಟು ಕನ್ಯಾ ನೋಡಿದ್ರಿ?"

"ಮೂರು."

"ಮೂರೂ ಮಂದಿಗೆ ಇದ ನಕ್ಷತ್ರ?"

ರಾಜರತ್ನನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. "ಹೂಂ. ಮೂರೂ ಮಂದಿ ಮೊದಲ ತೋರಸ್ರಿ ಅಂದ್ರು. ನೋಡದನ ನಂಬಿದಾಕಿ ನೀ ಒಬ್ಬಾಕಿನ."

ಸುಜಾತಾ ಅವನನ್ನೇ ನೋಡಿದಳು. ಕುರ್ಚಿ ಎಳೆದು ಕುಳಿತು, ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಕ್ಷತ್ರಗಳು ಗುಂಪು ಕಟ್ಟಿಕೊಂಡು ತೇಲಿ ಬಂದವು. ರಾಜರತ್ನ ಪರದೆಯತ್ತ ಬಗ್ಗಿದ. ಮಿನುಗುತ್ತ ಮಿನುಗುತ್ತ ಕಡುನೀಲಿ ಆಕಾಶದ ತುಂಬ ಅಕ್ಷರಗಳು ಅರಳಿ ನಿಂತವು:

ಟ್ರ್ಯಾಕ್ಟರ್.

"ಖರೇನ ಭಾಳ ಚಂದ ಐತ್ರಿ," ಎಂದಳು ಸುಜಾತಾ, ಪರದೆಯಿಂದ ಕಣ್ಣು ತೆಗೆಯದೆ. "ಹತ್ತು ವರ್ಷಕ್ಕ ಎರಡೂ ಒಮ್ಮೆ ಸಿಕ್ಕುವು ನೋಡ್ರಿ. ಇನ್ನ ಆ ಫ್ಲಾಪಿ ತಗೀರಿ, ನಿಮ್ಮ ತೂತಿನ ಮುಚ್ಚಳದಾಗ ಇರಿವಿ ಇಳದಾವು."

ರಾಜರತ್ನ ಮೂರನೇ ವರ್ಷನ್ನನ್ನು ಹೊರತೆಗೆದು, ಎರಡೂ ಕೈಯಿಂದ ಹೆಪ್ಪಿನ ಬಟ್ಟಲಿಗೆ ಮುಚ್ಚಿದ.