ಪೊಟ್ಯಾಷ್ ಹೊರಹೋಗತಕ್ಕದ್ದಲ್ಲ

ಚಾಮರಾಜಪೇಟೆಯ ನಗರ ಮೇವು ಉತ್ಪಾದನಾ ಕಚೇರಿಗೆ ಸೇರಿದ ಹುಲ್ಲುಗಾವಲು ಒಂದು ಮೂವತ್ತು-ನಲವತ್ತು ಅಡಿಯ ಸೈಟು. ಸಿಬ್ಬಂದಿ ಹನ್ನೊಂದು ಮಂದಿ. ಹುಲ್ಲಿನ ಪೆಂಡಿ ಕಟ್ಟುವ ಯಂತ್ರವೂ ಒಂದಿದೆ. ಅದನ್ನು ಒಳಗೆ ತಿರುಗಿಸಲು ಜಾಗವಿಲ್ಲದ್ದರಿಂದ ಗೇಟಿನ ಪಕ್ಕ ನಿಂತಿರುತ್ತದೆ. ಹುಲ್ಲೇ ಅದರ ಬಳಿಗೆ ಹೋಗುತ್ತದೆ.

ಮಣ್ಣು ಪರೀಕ್ಷಕಿಯಾಗಿ ಯಶಶ್ರೀ ಸೇರಿದಾಗ ಅಲ್ಲಿ ಮಣ್ಣಿಗಿಂತ ಇಟ್ಟಿಗೆ ಚೂರು ಜಾಸ್ತಿ ಇತ್ತು. ಹಿಂದಿನ ಬೀದಿಯ ಮುನಿಯಮ್ಮ ತನ್ನ ಹಸು ಗೌರಿಯ ಸಗಣಿಯನ್ನು ಎಂಟು ತಿಂಗಳು ಬಾಂಡ್ಲಿಯಲ್ಲಿ ಹೊತ್ತು ತಂದು ಸುರಿದಳು. ಮೊದಲ ಪೆಂಡಿ ಅವಳಿಗೇ ಎಂದು ಯಶಶ್ರೀ ಮಾತು ಕೊಟ್ಟಿದ್ದಳು. ಹುಲ್ಲು ಬಂತು. ಕೊಯ್ದು ಒಣಗಿಸಿ ಕಟ್ಟಿದಾಗ ಒಂದೇ ಪೆಂಡಿ ಆಯಿತು. ಪೆಂಡಿಯನ್ನು ಆಟೋದಲ್ಲಿ ಅಕ್ಕಿಪೇಟೆಗೆ ಒಯ್ದು ಮಂಡಿಯ ತಕ್ಕಡಿಯಲ್ಲಿ ತೂಗಿಸಿ ತಂದರು. ಹದಿನೆಂಟು ಕೆ.ಜಿ.

ಯಶಶ್ರೀ ಕಲಿತಂತೆ ವರದಿ ಬರೆದಳು: ಪ್ರತಿ ಪೆಂಡಿಯೊಡನೆ ಮಣ್ಣಿನ ಪೋಷಕಾಂಶವಾದ ಪೊಟ್ಯಾಷ್ ಹೊರಹೋಗುತ್ತದೆ, ಅಷ್ಟನ್ನು ಮರಳಿ ಮಣ್ಣಿಗೆ ಸೇರಿಸಬೇಕು. ಉಪನಿರ್ದೇಶಕ ದೊಡ್ಡಬೈರಪ್ಪನವರು ಅದನ್ನು ಎರಡು ಸಲ ಓದಿ ಸುತ್ತೋಲೆ ಹೊರಡಿಸಿದರು.

"ಫಲವತ್ತತೆಯ ಹಿತದೃಷ್ಟಿಯಿಂದ ಯಾವುದೇ ಪೆಂಡಿಯು ಆವರಣದಿಂದ ಹೊರಹೋಗತಕ್ಕದ್ದಲ್ಲ. ಪ್ರತಿ ತಿಂಗಳ ಕೊನೆಯ ದಿನ ಬಿಚ್ಚಿ ಹರಡಿ, ಮರುದಿನ ಮತ್ತೆ ಕಟ್ಟತಕ್ಕದ್ದು."

ಉತ್ಪಾದನೆ ತಿಂಗಳಿಗೊಂದು ಪೆಂಡಿಯಂತೆ ನಿಯಮಿತವಾಯಿತು. ಎಲ್ಲ ತಿಂಗಳೂ ಅದೇ ಪೆಂಡಿ.

ಇತ್ತ ಗೌರಿಯ ಪಕ್ಕೆಲುಬು ಎಣಿಸುವಂತಾಯಿತು. ಮುನಿಯಮ್ಮ ಗೇಟಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸಗಣಿ ಕೇಳಿದ್ರಿ, ಕೊಟ್ವಿ. ಈಗ ನಮ್ ಗೌರಿ ನಿಮ್ ಸುತ್ತೋಲೆ ತಿನ್ಬೇಕಾ ತಾಯಿ?"

ಯಶಶ್ರೀ ಸುತ್ತೋಲೆಯನ್ನು ಮತ್ತೆ ಓದಿದಳು. ಪೆಂಡಿ ಹೊರಹೋಗಬಾರದೆಂದಿತ್ತು; ಹಸು ಒಳಬರಬಾರದೆಂದು ಎಲ್ಲೂ ಇರಲಿಲ್ಲ. ಗೌರಿಯನ್ನು 'ಗೊಬ್ಬರ ಪೂರೈಕೆ ಘಟಕ' ಎಂದು ನಮೂದಿಸಿ ಒಳಗೆ ಬಿಟ್ಟಳು. ಒಂದು ವಾರದಲ್ಲಿ ಪೆಂಡಿಗೆ ಕಟ್ಟಿದ್ದ ಹಗ್ಗ ಮಾತ್ರ ಉಳಿಯಿತು.

ತಪಾಸಣೆಯ ದಿನ ದೊಡ್ಡಬೈರಪ್ಪನವರು ಹಗ್ಗವನ್ನು ಎತ್ತಿ ಹಿಡಿದರು. "ಹದಿನೆಂಟು ಕೆ.ಜಿ. ಇತ್ತಲ್ಲಮ್ಮ?"

"ತೇವಾಂಶ ನಷ್ಟ ಸಾರ್."

"ಇಷ್ಟೊಂದಾ?"

"ಚೆನ್ನಾಗಿ ಒಣಗಿಸ್ಬೇಕು ಅಂತ ನಿಯಮ ಇದೆ ಸಾರ್. ಒದ್ದೆ ಇದ್ರೆ ಬೂಷ್ಟು ಹಿಡಿಯುತ್ತೆ."

ಅವರು ಹಗ್ಗವನ್ನು ಮೂಸಿದರು. ಬೂಷ್ಟಿನ ವಾಸನೆ ಇರಲಿಲ್ಲ. ಮೂಲೆಯ ಸಗಣಿ ರಾಶಿ ಕಣ್ಣಿಗೆ ಬಿತ್ತು. "ಅದೇನದು?"

"ಹೊರಹೋಗದ ಪೊಟ್ಯಾಷ್ ಸಾರ್."

ಅವರು ಸಹಿ ಹಾಕಿದರು.

ಆ ವರ್ಷ ಇಲಾಖೆಯ ಸ್ಪರ್ಧೆಯಲ್ಲಿ ಹಗ್ಗಕ್ಕೆ ಮೊದಲ ಬಹುಮಾನ ಬಂತು. ಇಷ್ಟು ಒಣಗಿದ ಹುಲ್ಲನ್ನು ತಾವು ಕಂಡಿಲ್ಲವೆಂದು ತೀರ್ಪುಗಾರರು ಬರೆದರು. ಹೊಸ ಹುಲ್ಲು ಚಿಗುರಿದೆ, ಗೌರಿ ಮೈ ತುಂಬಿಕೊಂಡಿದ್ದಾಳೆ. ತಿಂಗಳ ಕೊನೆಯ ದಿನ ಹನ್ನೊಂದು ಮಂದಿಯೂ ಸೇರಿ ಹಗ್ಗದ ಗಂಟು ಬಿಚ್ಚಿ ನೆಲಕ್ಕೆ ಹರಡುತ್ತಾರೆ, ಮರುದಿನ ಮತ್ತೆ ಕಟ್ಟುತ್ತಾರೆ. ಉತ್ಪಾದನೆ ಒಂದು ತಿಂಗಳೂ ಕುಸಿದಿಲ್ಲ.